ಮುಟ್ಟಿ ತಿಳಿಯುವುದು

ಕೊಣನೂರು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರು ಬ್ಯಾರನ್ನಿನಿಂದ ಇಳಿಸಿದ ಎಲೆಯನ್ನು ಬೆರಳ ನಡುವೆ ಹಿಡಿದು ಹದ ನೋಡುತ್ತಾರೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಕಡಿಮೆಯಾದರೆ ಮುರಿದು ಪುಡಿಯಾಗುತ್ತದೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಬೆರಳಿಗೆ.

ಬೆರಳಿನ ಈ ಕೆಲಸವನ್ನೇ ಪರಮಾಣುಗಳ ಮಟ್ಟದಲ್ಲಿ ಮಾಡುವ ಉಪಕರಣ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್. 1986ರಲ್ಲಿ ಗೆರ್ಡ್ ಬಿನ್ನಿಗ್, ಕಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಇದನ್ನು ಲೋಕಕ್ಕೆ ತಿಳಿಸಿದರು. ಚಿನ್ನದ ತೆಳು ಹಾಳೆಗೆ ವಜ್ರದ ಚೂರು ಅಂಟಿಸಿ ಮೊದಲನೆಯದನ್ನು ಮಾಡಿದ್ದರು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಇದು ದಿನಬಳಕೆಯ ಉಪಕರಣ. ಹೆಸರು ಮೈಕ್ರೋಸ್ಕೋಪ್ ಆದರೂ ಇದು ನೋಡುವುದಿಲ್ಲ, ತಡವುತ್ತದೆ. ಕೂದಲಿಗಿಂತ ತೆಳುವಾದ ಒಂದು ಪಟ್ಟಿ, ಅದರ ತುದಿಯಲ್ಲಿ ಕೆಲವೇ ನ್ಯಾನೊಮೀಟರ್ ಅಗಲದ ಮೊನೆ. ಮೊನೆಯನ್ನು ಮೇಲ್ಮೈ ಸೆಳೆದರೆ ಅಥವಾ ತಳ್ಳಿದರೆ ಪಟ್ಟಿ ಬಾಗುತ್ತದೆ. ಪಟ್ಟಿಯ ಬೆನ್ನಿನಿಂದ ಪುಟಿಯುವ ಲೇಸರ್ ಬೆಳಕು ಆ ಬಾಗನ್ನು ದೊಡ್ಡದು ಮಾಡಿ ತೋರಿಸುತ್ತದೆ. ಇಲ್ಲಿ ಮಾತು ನ್ಯಾನೊನ್ಯೂಟನ್‌ಗಳದ್ದು. ಒಂದು ರಾಗಿ ಕಾಳಿನ ತೂಕವನ್ನು ಸುಮಾರು 25 ಸಾವಿರ ಪಾಲು ಮಾಡಿ ಒಂದನ್ನು ಎತ್ತಿಕೊಂಡರೆ ಒಂದು ನ್ಯಾನೊನ್ಯೂಟನ್.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಚಿಕ್ಕತನವಲ್ಲ. ಈ ಉಪಕರಣಕ್ಕೆ ಮೇಲ್ಮೈಯ ಬಗ್ಗೆ ನೇರವಾಗಿ ಏನೂ ಗೊತ್ತಿಲ್ಲ. ಅದು ಬಲ್ಲದ್ದು ತಾನೆಷ್ಟು ಬಾಗಿದೆ ಎಂಬುದೊಂದನ್ನೇ. ಪಟ್ಟಿ ಬಿರುಸಾಗಿದ್ದರೆ ಬಾಗುವುದಿಲ್ಲ, ಸಣ್ಣ ಬಲ ಅದರ ಅರಿವಿಗೇ ಬರುವುದಿಲ್ಲ. ತೀರಾ ಮೆದುವಾಗಿದ್ದರೆ ಹತ್ತಿರ ಹೋದೊಡನೆ ಸೆಳೆತಕ್ಕೆ ಸೋತು ಥಟ್ಟನೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ತೇವವಿದ್ದರಂತೂ ಮೊನೆಗೂ ಮೇಲ್ಮೈಗೂ ನಡುವೆ ನೀರಿನ ಸಣ್ಣ ಸೇತುವೆ ಕಟ್ಟಿಕೊಂಡು, ವಸ್ತುವಿನ ಗುಣವೆಂದು ಅಳೆದದ್ದು ಆ ದಿನದ ಹವೆಯ ಗುಣವಾಗಿರುತ್ತದೆ. (ಎಲೆಯ ಹದ ಬಲ್ಲವರಿಗೆ ಇದು ಹೊಸ ವಿಷಯವೇನಲ್ಲ.) ಮೊನೆ ಸವೆದು ಮೊಂಡಾದರೆ ಇನ್ನೂ ವಿಚಿತ್ರ: ಎದುರಿಗೆ ಏನೇ ಇರಲಿ, ಅದು ತನ್ನದೇ ಆಕಾರವನ್ನು ಬರೆಯುತ್ತಾ ಹೋಗುತ್ತದೆ.

ಹಾಗಾದರೆ ಮುಟ್ಟದೆ ತಿಳಿಯಲಾಗದೆ? ಮುಟ್ಟದೆ ಅಳೆಯುವ ವಿಧಾನವೂ ಇದೆ. ಅಲ್ಲಿ ಪಟ್ಟಿ ಕಂಪಿಸುತ್ತಾ ಮೇಲ್ಮೈಯ ಸನಿಹದಲ್ಲಿ ತೂಗಾಡುತ್ತದೆ. ಆದರೂ ಕೆಲವು ನ್ಯಾನೊಮೀಟರ್ ಹತ್ತಿರಕ್ಕೆ ಹೋಗಲೇಬೇಕು, ತನ್ನ ಕಂಪನದ ಲಯ ಕೆಡಿಸಿಕೊಳ್ಳಲೇಬೇಕು. ದೂರ ನಿಂತು, ತಾನು ಒಂದಿಷ್ಟೂ ಅಲುಗದೆ ತಿಳಿಯುವ ವಿಧಾನ ಇದರಲ್ಲಿಲ್ಲ. ನಮ್ಮಲ್ಲಿ ‘ಮುಟ್ಟು’ ಎಂಬ ಪದಕ್ಕೆ ಮೈಲಿಗೆಯ ಅರ್ಥವನ್ನೂ ಅಂಟಿಸಿದವರು ಶತಮಾನಗಳ ಕಾಲ ಜನರನ್ನು ಊರಾಚೆ ಇಟ್ಟು, ಅವರು ಎಂಥವರೆಂದು ತಮಗೆ ಗೊತ್ತು ಎಂದೂ ಹೇಳಿಕೊಂಡರು. ಅದನ್ನು ಅರಿವು ಎಂದು ಕರೆಯಲು ನಾನು ಸಿದ್ಧನಿಲ್ಲ.

ಮುಟ್ಟುವುದರಲ್ಲೂ ಅವಸರ, ನಿಧಾನಗಳಿವೆ. ಬಯೋಟಿನ್ ಮತ್ತು ಅವಿಡಿನ್ ಎಂಬ ಎರಡು ಅಣುಗಳ ಹಿಡಿತವನ್ನು ಬಿಡಿಸಲು ಸುಮಾರು 160 ಪೈಕೊನ್ಯೂಟನ್ ಬೇಕೆಂದು 1994ರಲ್ಲಿ ಈ ಉಪಕರಣದಿಂದಲೇ ಅಳೆದರು. ಇಂಥ ಬಂಧಗಳನ್ನು ನಿಧಾನವಾಗಿ ಎಳೆದರೆ ಎಷ್ಟೋ ಕಡಿಮೆ ಬಲಕ್ಕೇ ಬಿಟ್ಟುಕೊಳ್ಳುತ್ತವೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಕಾಯ್ದರೆ ಅಣುಗಳ ಸಹಜ ಕಂಪನವೇ ಅರ್ಧ ಕೆಲಸ ಮುಗಿಸಿರುತ್ತದೆ. ಅಂದರೆ ಆ ಅಂಕಿಯಲ್ಲಿ ಬಂಧದ ಗಟ್ಟಿತನದ ಜೊತೆಗೆ ಎಳೆಯುವವರ ಆತುರವೂ ಸೇರಿದೆ.

ಒತ್ತಿದಷ್ಟೇ ಬಲದಿಂದ ಮೇಲ್ಮೈಯೂ ಮೊನೆಯನ್ನು ತಿರುಗಿ ಒತ್ತುತ್ತದೆ, ನ್ಯೂಟನ್ನನ ಮೂರನೇ ನಿಯಮದಂತೆ. ಹೊಗೆಸೊಪ್ಪಿನ ವಿಷಯದಲ್ಲಿ ಈ ತಿರುಗೊತ್ತು ಬೇರೆ ರೂಪದಲ್ಲಿ ಬರುತ್ತದೆ. ಮಂಜಿನಲ್ಲಿ, ಮಳೆಯಲ್ಲಿ ನೆನೆದ ಹಸಿ ಎಲೆ ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಗಿಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ. ಒಂದು ಎಲೆಯಿಂದ ಇಳಿಯುವುದು ಗಮನಕ್ಕೇ ಬಾರದಷ್ಟು. ಆದರೆ ಕೀಳುವುದು ಒಂದು ಎಲೆಯಲ್ಲ. ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಕೊಳ್ಳುವವರು ಬೇಲಿನ ಮುಂದೆ ಕೆಲವು ಕ್ಷಣ ನಿಂತು, ಎಲೆ ನೋಡಿ, ಮುಟ್ಟಿ, ಕೆ.ಜಿ.ಗೆ ಇಷ್ಟು ಎನ್ನುತ್ತಾರೆ. ಆ ದರದಲ್ಲಿ ಎಲೆಯ ಬಣ್ಣ, ತೇವ, ಕಲೆ ಎಲ್ಲಕ್ಕೂ ಲೆಕ್ಕವಿದೆ. ಕಿತ್ತವರ ಬೆರಳಿನ ಅಂಟು ಮಾತ್ರ ಸೋಪಿಗೂ ಬಿಡದೆ ಎರಡು ದಿನ ಹಾಗೇ ಇರುತ್ತದೆ.