ನೆಗ್ಗು ತುಂಬುವ ಮೊದಲು

ಬಣ್ಣ ಹೊಡೆಯುವ ಕೆಲಸದಲ್ಲಿ ಬಣ್ಣ ಹೊಡೆಯುವುದಕ್ಕೆ ಹಿಡಿಯುವ ಹೊತ್ತು ತೀರಾ ಕಡಿಮೆ. ಮನೆಯಲ್ಲೇ, ಮೊದಲ ಸಲ, ಹಳೆಯ ಬೈಕೊಂದಕ್ಕೆ ಬಣ್ಣ ಬದಲಿಸಲು ಹೊರಟವರಿಗೆ ಇದು ಎರಡನೆಯ ದಿನಕ್ಕೇ ತಿಳಿದುಬಿಡುತ್ತದೆ. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆವಿ ಹೋಗುವವರೆಗೆ ಬಯಲಲ್ಲಿ ಗಾಳಿಗಿಡಬೇಕು. ಒರಟು ಸ್ಯಾಂಡ್‌ಪೇಪರಿನಲ್ಲಿ ಹಳೆಯ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆಯಬೇಕು. ಆಮೇಲೆ 120, 240, 400 ಎಂದು ಕಾಗದ ನುಣುಪಾಗುತ್ತಾ ಹೋಗುತ್ತದೆ. ತಿನ್ನರಿನಲ್ಲಿ ಒರೆಸಿದ ಮೇಲೆ ಬೆರಳಿನ ಜಿಡ್ಡೂ ತಾಗಬಾರದು. ಪ್ರೈಮರ್ ಆಗಬೇಕು, ಅದು ಒಣಗಬೇಕು, ನೀರು ಹಾಕಿಕೊಂಡು ಮತ್ತೆ ಉಜ್ಜಬೇಕು. ಇಷ್ಟೆಲ್ಲ ಮುಗಿದ ಮೇಲೆ ಸ್ಪ್ರೇ ಡಬ್ಬಿ ಹಿಡಿದರೆ ಒಂದು ಕೋಟಿಗೆ ಐದು ನಿಮಿಷವೂ ಬೇಡ.

ಹಾಗಾಗಿ ಈ ಕೆಲಸ ಮಾಡುವವನು ಹೆಚ್ಚು ಹೊತ್ತು ಇರುವುದು ಹೊಸ ಬಣ್ಣದ ಜೊತೆಯಲ್ಲಲ್ಲ, ಹಳೆಯ ಗಾಯಗಳ ಜೊತೆಯಲ್ಲಿ. ಎಲ್ಲಿ ಗೀರಾಗಿದೆ, ಎಲ್ಲಿ ತುಕ್ಕು ಒಳಕ್ಕಿಳಿದಿದೆ, ಎಲ್ಲಿ ಯಾರೋ ಹಿಂದೊಮ್ಮೆ ತೇಪೆ ಹಾಕಿದ್ದಾರೆ ಎಂಬುದೆಲ್ಲ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ನಾನು ಕೈಗೆತ್ತಿಕೊಂಡದ್ದು ಚಿಕ್ಕಪ್ಪನ 1986ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಯೆಜ್ಡಿ ಎಂದರೆ ಬರಿಯ ಬೈಕಲ್ಲ, ಊರಿನ ಬೆಳೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಗಾಡಿಗಳು ಇನ್ನೂ ಓಡಾಡುತ್ತಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ ಎಂದು ಅವುಗಳ ಮಾಲೀಕರು ಒಟ್ಟು ಸೇರುತ್ತಾರೆ. ಅಷ್ಟರೊಳಗೆ ಗಾಡಿ ಹೊಳೆಯಬೇಕು ಎಂಬುದು ಚಿಕ್ಕಪ್ಪನ ಆಸೆ.

"ಬಣ್ಣ ಯಾವ್ದಾದ್ರೂ ಹೊಡಿ. ಮೊದ್ಲು ಆ ನೆಗ್ಗು ತುಂಬ್ಬಿಡೋ. ನೋಡಿ ನೋಡಿ ಸಾಕಾಗಿದೆ" ಎಂದರು.

ಬಣ್ಣ ಯಾವುದಾದರೂ ಆಗುವಂತಿರಲಿಲ್ಲ. ಆರ್.ಸಿ.ಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. ಬೇರೆ ಬಣ್ಣ ಬಳಿದರೆ ಆರ್.ಟಿ.ಓ.ಗೆ ತಿಳಿಸಿ ತಿದ್ದಿಸಬೇಕು. ಆದ್ದರಿಂದ ಹಳೆಯ ಮರೂನೇ ಎಂದು ತೀರ್ಮಾನವಾಯಿತು. ನೆಗ್ಗಿನ ಬಗ್ಗೆ ಮಾತ್ರ ಯಾವ ದಾಖಲೆಯೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಆ ನೆಗ್ಗು ಟ್ಯಾಂಕಿನ ಎಡಗಡೆ, ಓಡಿಸುವವನ ಮಂಡಿ ಒರಗುವ ಜಾಗದಲ್ಲಿದೆ. 1994ರಲ್ಲಿ ನಂಜನಗೂಡು ರಸ್ತೆಯಲ್ಲಿ ಬಸ್ಸೊಂದನ್ನು ಹಿಂದೆ ಹಾಕುವ ಆತುರದಲ್ಲಿ ಗಾಡಿ ಮಣ್ಣಿಗಿಳಿದು, ಮೈಲಿಗಲ್ಲಿನ ಪಕ್ಕದ ಕಲ್ಲಿಗೆ ಬಡಿದು ಆದದ್ದು. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದ ಚಿಕ್ಕಮ್ಮನ ಎಡ ಮಂಡಿ ಮುರಿಯಿತು. ರಾಡ್ ಹಾಕಿದರು, ತೆಗೆದರು, ಆದರೆ ಕಾಲು ಮೊದಲಿನಂತಾಗಲಿಲ್ಲ. ಮದುವೆಮನೆಯಲ್ಲಿ ನೆಲದ ಪಂಕ್ತಿಯಲ್ಲಿ ಎಲ್ಲರೂ ಕೂತಾಗ ಅವರಿಗೆ ಮೂಲೆಯಲ್ಲೊಂದು ಕುರ್ಚಿ, ಸ್ಟೂಲಿನ ಮೇಲೆ ಎಲೆ. ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲು ಜೋಡಿಸಿ ಜೋಡಿಸಿ ಇಳಿಯುತ್ತಾರೆ.

ನೆಗ್ಗು ತುಂಬುವ ಸುದ್ದಿ ಕೇಳಿದಾಗ ಅವರು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. "ಟ್ಯಾಂಕ್ ಸರಿಹೋಯ್ತು ಅನ್ನು. ನನ್ನ ಕಾಲಿಗೂ ಒಂಚೂರು ಪುಟ್ಟಿ ಹಾಕೋಕಾಗತ್ತೇನೋ ನೋಡು" ಎಂದು ನಕ್ಕರು. ಚಿಕ್ಕಪ್ಪ ಎದ್ದು ಒಳಗೆ ಹೋದರು.

ಇಲ್ಲಿರುವ ಪ್ರಶ್ನೆ ಸಣ್ಣದಲ್ಲ ಎಂದು ನನಗನ್ನಿಸಿತು. ಒಬ್ಬರಿಗೆ ನೋವು ಕೊಟ್ಟ ಘಟನೆಯೊಂದರ ಗುರುತು ಉಳಿದಿದೆ. ಗುರುತಿರುವ ವಸ್ತು ನೋವು ಕೊಟ್ಟವರದು, ನೋವು ಮಾತ್ರ ಇನ್ನೊಬ್ಬರದು. ಆ ಗುರುತನ್ನು ಅಳಿಸುವ ಹಕ್ಕು ಯಾರಿಗಿದೆ?

ಹಳೆಯದನ್ನು ಏನು ಮಾಡಬೇಕು ಎಂಬ ಚರ್ಚೆಗೆ ದೊಡ್ಡ ಇತಿಹಾಸವಿದೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಬರೆದ ವಾಸ್ತುಶಿಲ್ಪದ ಪುಸ್ತಕದಲ್ಲಿ, ಹಳೆಯ ಕಟ್ಟಡಗಳನ್ನು ಹೊಸದಾಗಿ ಕಾಣುವಂತೆ ಮಾಡುವುದು ಸುಳ್ಳು, ಅದು ಒಂದು ಬಗೆಯ ನಾಶವೇ ಎಂದು ವಾದಿಸಿದ. ಅವನ ಪ್ರಕಾರ ಆ ಕಟ್ಟಡಗಳು ನಮ್ಮವಲ್ಲ, ಕಟ್ಟಿದವರದು ಮತ್ತು ಮುಂದೆ ಬರುವವರದು. ನಮ್ಮಲ್ಲಿ ಇದಕ್ಕೆ ವಿರುದ್ಧವಾದ ನಂಬಿಕೆಯೂ ಇದೆ. ಜೀರ್ಣೋದ್ಧಾರ ಪುಣ್ಯದ ಕೆಲಸ, ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು, ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಾಪಿಸಬೇಕು. ಆದರೆ ಹಂಪಿಗೆ ಹೋದರೆ ಉಗ್ರನರಸಿಂಹನ ತೊಡೆಯ ಮೇಲೆ ಲಕ್ಷ್ಮಿ ಇಲ್ಲ, ಅವಳ ಕೈಯೊಂದು ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ಅಲ್ಲಿ ಯಾರೂ ಹೊಸ ಲಕ್ಷ್ಮಿಯನ್ನು ಕೆತ್ತಿ ಕೂರಿಸಿಲ್ಲ. ಆ ಕೈಯನ್ನು ನೋಡಿದವರಿಗೆ, ಕೂರಿಸದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಹಳೆಯ ಬೈಕುಗಳ ಪ್ರಿಯರಲ್ಲೂ ಇದೇ ಎರಡು ಪಂಗಡ. ಕಾರ್ಖಾನೆಯಿಂದ ಈಗಷ್ಟೇ ಬಂದ ಹಾಗಿರಬೇಕು ಎನ್ನುವವರು ಒಂದು ಕಡೆ, ಗೀರು ತುಕ್ಕು ಸಮೇತ ಹೇಗಿದೆಯೋ ಹಾಗೇ ಇರಲಿ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ಕೇಳಲು ಚೆಂದ. ಕಲೆಗಳಲ್ಲೇ ಗಾಡಿಯ ಆತ್ಮಕಥೆ ಇದೆ ಎನ್ನುತ್ತಾರೆ. ಆದರೆ ಈ ಎಲ್ಲ ವಾದಗಳೂ ವಸ್ತುವಿನ ಬಗ್ಗೆ, ಅದನ್ನು ಮಾಡಿದವರ ಬಗ್ಗೆ, ನೋಡುವವರ ಬಗ್ಗೆ. ಆ ವಸ್ತುವಿನಿಂದ ಪೆಟ್ಟು ತಿಂದವರು ಯಾರ ಪಟ್ಟಿಯಲ್ಲೂ ಇಲ್ಲ. ಗಾಯದ ಗುರುತು ಸುಂದರ ಎಂದು ಹೇಳುವುದು ಗಾಯವಾಗದವರಿಗೆ ಸುಲಭ. ಅದನ್ನು ಮುಚ್ಚಿಬಿಡೋಣ ಎನ್ನುವುದು ಗಾಯ ಮಾಡಿದವರಿಗೆ ಸುಲಭ.

ಚಿಕ್ಕಪ್ಪನ ಪರವಾಗಿಯೂ ಹೇಳುವುದಿದೆ. ಮೂವತ್ತು ವರ್ಷ ಅವರು ಆ ಗಾಡಿಯನ್ನು ಮಾರಲಿಲ್ಲ. ದಿನಾ ಬೆಳಿಗ್ಗೆ ಕಿಕ್ ಹೊಡೆಯಲು ಗಾಡಿಯ ಎಡಕ್ಕೇ ನಿಲ್ಲಬೇಕು, ಏಕೆಂದರೆ ಯೆಜ್ಡಿಯ ಕಿಕ್ಕರ್ ಇರುವುದು ಎಡಗಡೆ. ಪ್ರತಿದಿನವೂ ಆ ನೆಗ್ಗು ಅವರ ಕಣ್ಣೆದುರು. ಮನುಷ್ಯ ತಾನು ಮಾಡಿದ್ದನ್ನು ಎಷ್ಟು ವರ್ಷ ನೋಡುತ್ತಿರಬೇಕು? ಶಿಕ್ಷೆಗೂ ಒಂದು ಅವಧಿ ಇರುತ್ತದಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಆದರೆ ಆ ಅವಧಿ ಮುಗಿಯಿತೆಂದು ಹೇಳಬೇಕಾದವರು ಶಿಕ್ಷೆ ಅನುಭವಿಸುತ್ತಿರುವವರಲ್ಲ.

ನಾನು ಚಿಕ್ಕಮ್ಮನ ಹತ್ತಿರ ಹೋಗಿ, "ನಿಮಗೆ ಬೇಡ ಅಂದ್ರೆ ಹಾಗೇ ಬಿಡ್ತೀನಿ" ಎಂದೆ. ಅವರು ಹುಣಸೆಬೀಜ ಆರಿಸುತ್ತಲೇ ಹೇಳಿದರು: "ಇದನ್ನ ನೀನ್ಯಾಕಪ್ಪ ಕೇಳ್ತೀಯ? ಅವ್ರು ಕೇಳ್ಲಿ."

ಕೆಲಸ ನಿಂತಿತು. ಆದರೆ ಬರಿಯ ಕಬ್ಬಿಣ ಕಾಯುವುದಿಲ್ಲ. ಜೂನ್ ತಿಂಗಳ ತೇವದ ಗಾಳಿಯಲ್ಲಿ ಉಜ್ಜಿದ ತಗಡಿನ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಕೆಂಪು ಏಳುತ್ತದೆ. ಆದ್ದರಿಂದ ನೆಗ್ಗನ್ನು ಹಾಗೇ ಬಿಟ್ಟು ಇಡೀ ಟ್ಯಾಂಕಿಗೆ ಬೂದು ಪ್ರೈಮರ್ ಹೊಡೆದೆ. ತುಂಬುವುದಾದರೆ ಅಷ್ಟು ಜಾಗವನ್ನು ಮತ್ತೆ ಉಜ್ಜಿಕೊಳ್ಳಬಹುದು. ಎಂಟು ದಿನ ಆ ಬೂದು ಟ್ಯಾಂಕು ವರಾಂಡದಲ್ಲಿತ್ತು. ಹೋಗುವಾಗ ಬರುವಾಗ ಇಬ್ಬರೂ ಅದನ್ನು ದಾಟಿಕೊಂಡೇ ಓಡಾಡಿದರು.

ಆ ಎಂಟು ದಿನಗಳಲ್ಲಿ ನಾನು ಯೋಚಿಸಿದ್ದು ನಮ್ಮ ಮಾತಿನ ಬಗ್ಗೆ. ಆ ಅಪಘಾತವನ್ನು ನಮ್ಮ ಮನೆಯಲ್ಲಿ ಯಾವಾಗಲೂ ಒಂದೇ ರೀತಿಯಲ್ಲಿ ಹೇಳುತ್ತಿದ್ದರು. "ಬೈಕ್ ಜಾರಿತು." "ಆಕ್ಸಿಡೆಂಟ್ ಆಯ್ತು." "ಕಾಲಿಗೆ ಪೆಟ್ಟಾಯ್ತು." ಕನ್ನಡದಲ್ಲಿ ಬೀಳುವುದೂ ಇದೆ, ಬೀಳಿಸುವುದೂ ಇದೆ. ಮುರಿಯಿತು ಎನ್ನಬಹುದು, ಮುರಿದೆ ಎನ್ನಬಹುದು. ಒಂದಕ್ಷರದಲ್ಲಿ ಕರ್ತೃ ಬರುತ್ತಾನೆ, ಒಂದಕ್ಷರದಲ್ಲಿ ಹೋಗುತ್ತಾನೆ. "ನಿಧಾನ ಹೋಗಿ ಅಂದೆ, ಕೇಳ್ಲಿಲ್ಲ" ಎಂಬ ಚಿಕ್ಕಮ್ಮನ ಮಾತು ಅಡುಗೆಮನೆಯಲ್ಲಿ ಉಳಿಯಿತು, "ಬೈಕ್ ಜಾರಿತು" ಎಂಬುದು ನೆಂಟರಿಷ್ಟರಲ್ಲಿ ಹರಡಿತು. ಸಭೆಗಳಲ್ಲಿ ನಾವು ಹೇಳುವ "ತಪ್ಪಾಗಿದ್ದರೆ ಕ್ಷಮಿಸಿ" ಕೂಡ ಇದೇ ಜಾತಿಯದು. ಅಲ್ಲಿ ತಪ್ಪು ತಾನಾಗಿಯೇ ಆಗುತ್ತದೆ, ಅದೂ ಆಗಿದ್ದರೆ. ಟ್ಯಾಂಕಿನ ನೆಗ್ಗಿಗೆ ಇನ್ನೂ ಪುಟ್ಟಿ ಬಿದ್ದಿರಲಿಲ್ಲ ನಿಜ, ಆದರೆ ಮಾತಿನಲ್ಲಿ ಅದನ್ನು ಮೂವತ್ತು ವರ್ಷದ ಹಿಂದೆಯೇ ತುಂಬಿ ನುಣುಪು ಮಾಡಿಯಾಗಿತ್ತು.

ಚಿಕ್ಕಮ್ಮ ಕಾಯುತ್ತಿದ್ದುದು ಬಹುಶಃ ಇದಕ್ಕೇ. ಕೇಳುವುದೆಂದರೆ ಬರಿಯ ಅನುಮತಿಯಲ್ಲ. "ಇದನ್ನು ತುಂಬಲಾ?" ಎಂದು ಕೇಳಬೇಕಾದರೆ ಮೊದಲು ಇದು ಹೇಗಾಯಿತು ಎಂಬುದನ್ನು ಇಬ್ಬರೂ ನೋಡಬೇಕಾಗುತ್ತದೆ. ಬೇಡ ಎಂಬ ಉತ್ತರ ಬಂದರೆ ಒಪ್ಪಿಕೊಳ್ಳುವ ಮನಸ್ಸಿಲ್ಲದೆ ಕೇಳಿದರೆ ಅದು ಕೇಳಿದ ಹಾಗಲ್ಲ, ತಿಳಿಸಿದ ಹಾಗೆ.

ಒಂಬತ್ತನೆಯ ದಿನ ಚಿಕ್ಕಪ್ಪ ಬಂದು, "ತುಂಬು ಅಂದ್ಲು" ಎಂದರು. ಸ್ವಲ್ಪ ತಡೆದು, "ಇನ್ಮೇಲೆ ಯಾರಾದ್ರೂ ಕೇಳಿದ್ರೆ ಬೈಕ್ ಜಾರಿತು ಅನ್ಬೇಡಿ ಅಂದ್ಲು" ಎಂದರು. ಅವರಿಬ್ಬರ ನಡುವೆ ಇನ್ನೇನು ಮಾತಾಯಿತೋ ನಾನು ಕೇಳಲಿಲ್ಲ.

ಪುಟ್ಟಿಯ ವಿಷಯದಲ್ಲಿ ಹೊಸಬರು ತಿಳಿದುಕೊಳ್ಳಬೇಕಾದ್ದೊಂದಿದೆ. ಅದು ನೆಗ್ಗನ್ನು ತೆಗೆಯುವುದಿಲ್ಲ, ತುಂಬುತ್ತದೆ ಅಷ್ಟೇ. ಟ್ಯಾಂಕಿನ ಒಳಗೆ ಕೈ ಹೋಗುವುದಿಲ್ಲವಾದ್ದರಿಂದ ಒಳಗಿನಿಂದ ಬಡಿದು ಎಬ್ಬಿಸಲಾಗದು. ಟಿಂಕರಿಂಗ್ ಮಾಡುವವರು ಹೊರಗಿನಿಂದ ಎಳೆದು ಎಬ್ಬಿಸುತ್ತಾರೆ, ಆದರೆ ಪೆಟ್ರೋಲ್ ಆವಿ ಕುಡಿದ ಟ್ಯಾಂಕಿನ ಹತ್ತಿರ ಬೆಂಕಿಯ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಪುಟ್ಟಿಯನ್ನು ಒಂದೇ ಸಲ ದಪ್ಪಗೆ ಮೆತ್ತಿದರೆ ಮುಂದೆ ಬಿರುಕು ಬಿಡುತ್ತದೆ. ತೆಳುವಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಬೇಕು. ಕೆಳಗೆ ತುಕ್ಕು ಉಳಿದಿದ್ದರಂತೂ ಎಷ್ಟು ಚೆನ್ನಾಗಿ ಹಚ್ಚಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಹೇಳಿಬಿಡುತ್ತದೆ. ನಾನು ಆ ಅಂಗೈಯಗಲದ ಜಾಗಕ್ಕೆ ಮೂರು ದಿನ ತೆಗೆದುಕೊಂಡೆ.

ಜುಲೈಯಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಯಾರೋ ಬಂದು ಟ್ಯಾಂಕ್ ಸವರಿ, "ಒರಿಜಿನಲ್ಲಾ ಸರ್?" ಎಂದು ಕೇಳಿದರು. "ಒರಿಜಿನಲ್ಲೇ. ಎಡಗಡೆ ಪುಟ್ಟಿ ಇದೆ. ನಾನೇ ಬೀಳಿಸಿದ್ದೆ, ಹೆಂಡತಿ ಕಾಲು ಮುರೀತು" ಎಂದರು ಚಿಕ್ಕಪ್ಪ. ಕೇಳಿದವರಿಗೆ ಏನು ಹೇಳಬೇಕೋ ತಿಳಿಯದೆ ಇಂಜಿನ್ನಿನ ಬಗ್ಗೆ ವಿಚಾರಿಸತೊಡಗಿದರು.

ಗುರುತನ್ನು ಅಳಿಸಬಾರದು ಎಂದು ನಾನು ಹೇಳಲಾರೆ, ಅಳಿಸಲೇಬೇಕು ಎಂದೂ ಹೇಳಲಾರೆ. ವಸ್ತುವಿನ ಮೇಲೆ ಗುರುತಿದ್ದು ಬಾಯಲ್ಲಿ ಸತ್ಯವಿಲ್ಲದಿದ್ದರೆ ಆ ಗುರುತು ಪೆಟ್ಟು ತಿಂದವರ ಪಾಲಿನ ಒಂದೇ ಸಾಕ್ಷಿಯಾಗಿ ಉಳಿಯುತ್ತದೆ. ಅದನ್ನೂ ಅಳಿಸಿದರೆ ಅವರ ಕಡೆಯ ಸಾಕ್ಷಿಯನ್ನೂ ಕಸಿದುಕೊಂಡಂತೆ. ಸತ್ಯ ಬಾಯಿಗೆ ಬಂದ ಮೇಲೆ ಕಬ್ಬಿಣ ಅದನ್ನು ಹೊರಬೇಕಾಗಿಲ್ಲ. ಆಗ ತುಂಬಬಹುದು, ಉಜ್ಜಬಹುದು, ಮೇಲೆ ಮರೂನ್ ಬಣ್ಣವನ್ನೂ ಹೊಡೆಯಬಹುದು. ಚಿಕ್ಕಮ್ಮ ಈಗಲೂ ಮೆಟ್ಟಿಲನ್ನು ಒಂದೊಂದಾಗಿಯೇ ಇಳಿಯುತ್ತಾರೆ. ಅದಕ್ಕೆ ಪುಟ್ಟಿಯಿಲ್ಲ. ಅದು ಹೇಗಾಯಿತು ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಕೆಲಸ ಈಗ ಅವರೊಬ್ಬರದೇ ಅಲ್ಲ.