ಊಟ ಕಳೆದು ಉಳಿದದ್ದು

ಅಮೆರಿಕದ ಅನೇಕ ಊರುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಉದ್ಯಮಿಗಳ ಸನ್ಮಾನ ಸಮಾರಂಭಗಳು ನಮಗೆ ಹೊಸತಲ್ಲ. ಅಂಥ ಹಲವನ್ನು ‘ಜೂನಿಯರ್ ಅಚೀವ್‌ಮೆಂಟ್’ ಸಂಸ್ಥೆಯ ಶಾಖೆಗಳು ನಡೆಸುತ್ತವೆ. 1919ರಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದ ಈ ಸಂಸ್ಥೆ ಶಾಲಾ ಮಕ್ಕಳಿಗೆ ಉಳಿತಾಯ, ಸಾಲ, ಬಡ್ಡಿ, ಬಜೆಟ್ಟುಗಳ ಪಾಠ ಹೇಳಿಸುತ್ತದೆ. 1975ರಲ್ಲಿ ‘ಬಿಸಿನೆಸ್ ಹಾಲ್ ಆಫ್ ಫೇಮ್’ ಎಂಬ ಗೌರವವನ್ನೂ ಆರಂಭಿಸಿತು. ಶಾಖೆಗಳ ಸಮಾರಂಭಕ್ಕೆ ಕಂಪನಿಗಳು ಟೇಬಲ್ ಕೊಳ್ಳುತ್ತವೆ, ಊಟವಾಗುತ್ತದೆ, ಸನ್ಮಾನವಾಗುತ್ತದೆ, ಖರ್ಚು ಕಳೆದು ಉಳಿದ ಹಣ ಮಕ್ಕಳ ಪಾಠಕ್ಕೆ ಹೋಗುತ್ತದೆ.

ನಮ್ಮ ಸಂಘವೂ ಮಕ್ಕಳಿಗಾಗಿ ಇಂಥದೊಂದು ಸಂಜೆಯನ್ನು ಏಕೆ ಏರ್ಪಡಿಸಬಾರದು ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಹಾರ ಹಾಕಿಸಿಕೊಂಡು ಕೊಡುವುದು ಎಂಥ ದಾನ ಎಂದು ಇನ್ನು ಕೆಲವರು. ಎರಡೂ ತೂಕದ ಮಾತುಗಳೇ.

ಇಲ್ಲಿನ ತೆರಿಗೆ ಕಾನೂನು ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿದೆ. 150 ಡಾಲರ್ ಕೊಟ್ಟು 60 ಡಾಲರ್ ಬೆಲೆಯ ಊಟ ಉಂಡರೆ, ದಾನವೆಂದು ತೋರಿಸಬಹುದಾದದ್ದು 90 ಮಾತ್ರ. ಕೊಟ್ಟ ಮೊತ್ತ 75 ಡಾಲರ್ ಮೀರಿದರೆ ಊಟದ ಬೆಲೆಯನ್ನು ಸಂಸ್ಥೆಯೇ ಬರೆದು ತಿಳಿಸಬೇಕು. ಸರಿ, ಊಟ ಕಳೆದಾಯಿತು. ಚಪ್ಪಾಳೆ? ಅದರ ಬೆಲೆಯನ್ನು ಯಾವ ರಸೀತಿಯೂ ಕಳೆಯುವುದಿಲ್ಲ. ಆ ಲೆಕ್ಕವನ್ನು ನಮ್ಮ ಮನಸ್ಸೇ ಹಾಕಿಕೊಳ್ಳಬೇಕು.

ಹಾಗೆಂದು ಹೆಸರಿನ ಆಸೆ ಈ ದೇಶಕ್ಕೆ ಬಂದ ಮೇಲೆ ನಮಗೆ ಅಂಟಿದ್ದೇನಲ್ಲ. ಕರ್ನಾಟಕದ ದಾನಶಾಸನಗಳಲ್ಲಿ ಕೊಟ್ಟವರ ಹೆಸರು ಕಲ್ಲಿನ ಮೇಲೇ ಇದೆ, ಹೊಗಳಿಕೆಯೂ ಧಾರಾಳವಾಗಿದೆ. ಆದರೆ ಅದೇ ಕಲ್ಲಿನಲ್ಲಿ ಕೊಟ್ಟ ಭೂಮಿ ಎಷ್ಟು, ಯಾವ ಕಾರ್ಯಕ್ಕೆ, ದಾನವನ್ನು ಅಳಿದವರಿಗೆ ಎಂಥ ಪಾಪ ಎಂಬುದೂ ಇರುತ್ತದೆ. ಅಲ್ಲಿ ಹೆಸರು ದಾನಕ್ಕೆ ಜಾಮೀನು. ಪ್ರತಿಫಲ ಬಯಸಿ ಕೊಟ್ಟದ್ದನ್ನು ಗೀತೆ ರಾಜಸ ದಾನವೆನ್ನುತ್ತದೆ. ಸಾತ್ವಿಕಕ್ಕಿಂತ ಕೆಳಗಿಡುತ್ತದೆ ನಿಜ, ಆದರೂ ದಾನವೆಂದೇ ಕರೆಯುತ್ತದೆ.

ಆದ್ದರಿಂದ ಸನ್ಮಾನವೇ ಬೇಡವೆನ್ನುವಷ್ಟು ಕಟ್ಟುನಿಟ್ಟು ನಮಗೆ ಬೇಕಿಲ್ಲ. ಸನ್ಮಾನ ಮಾರಾಟಕ್ಕಿಡಬಾರದು, ಅಷ್ಟೆ. ಹೆಚ್ಚು ಟೇಬಲ್ ಕೊಂಡವರಿಗೇ ಹಾರ ಎಂದಾದರೆ, ಹಣದ ಪಾಠ ಕಲಿಯಬೇಕಾದ ಮಕ್ಕಳು ಅಂದು ಕಲಿಯುವುದು ಒಂದೇ: ಮರ್ಯಾದೆಗೂ ರೇಟು ಇದೆ. ಆಮೇಲೆ ಚಕ್ರಬಡ್ಡಿಯ ಲೆಕ್ಕ ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಆ ಪಾಠ ಅಳಿಸಲಾರದು.

ಇನ್ನೊಂದು ಮಾತು. ಆ ಸಂಸ್ಥೆಯ ಪಾಠಗಳನ್ನು ತರಗತಿಗೆ ಹೋಗಿ ಹೇಳಿಕೊಡುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಕೆಲಸಕ್ಕೆ ರಜೆ ಹಾಕಿ ಹೋದವರ ಆ ಗಂಟೆಗಳಿಗೆ ತೆರಿಗೆ ರಿಯಾಯಿತಿಯೂ ಇಲ್ಲ. ನಮ್ಮ ಸಂಜೆ ನಡೆಯುವುದಾದರೆ ಮೊದಲ ಹಾರ ಅಂಥವರಿಗಿರಲಿ. ಬಂದದ್ದೆಷ್ಟು, ಊಟಕ್ಕೆ ಹೋದದ್ದೆಷ್ಟು, ಮಕ್ಕಳಿಗೆ ಉಳಿದದ್ದೆಷ್ಟು ಎಂಬ ಮೂರು ಸಾಲು ಇದೇ ಪತ್ರಿಕೆಯಲ್ಲಿ ಅಚ್ಚಾಗಲಿ. ಮಕ್ಕಳಿಂದಲೇ ಆ ಲೆಕ್ಕ ಬರೆಸಿದರೆ ಇನ್ನೂ ಒಳ್ಳೆಯದು.

ಓದುಗರು ಏನನ್ನುತ್ತೀರಿ?