ಒಡೆಯುವುದು ಬೇರೆ, ಬಿಚ್ಚುವುದು ಬೇರೆ

ಕೆಟ್ಟು ನಿಂತ ಗಡಿಯಾರವನ್ನು ಮಗುವಿನ ಕೈಗಿತ್ತು, ಅದನ್ನು ಬಿಚ್ಚಿ ಹಕ್ಕಿಯೊಂದನ್ನು ಮಾಡೆಂದು ಕಲಿಸುವುದು ಉಚಿತವೇ? ಪರರ ದುಡಿಮೆಯನ್ನು ಕೆಡಿಸುವ ಚಾಳಿಗೆ ಇದೇ ಮೊದಲಾದೀತೆಂದು ಹಿರಿಯರು ಶಂಕಿಸುವುದು ಸಹಜ. ಆದರೆ ಸುತ್ತಿಗೆಯಿಂದ ಒಡೆದವನಿಗೆ ದೊರೆಯುವುದು ಚೂರುಗಳು ಮಾತ್ರ. ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿದವನಿಗಾದರೋ ಹಲ್ಲಿಗೆ ಹಲ್ಲು ಕೂಡುವಂತೆ ಚಕ್ರಗಳನ್ನು ಜೋಡಿಸಿದ ಕೈಯ ಶ್ರಮವು ಗೋಚರಿಸುತ್ತದೆ. ಶ್ರಮವನ್ನು ಕಂಡವನು ವಸ್ತುವನ್ನು ತುಚ್ಛವೆಂದೆಣಿಸಲಾರನು. ಚಿತ್ರಕಾರ ಪಿಕಾಸೋ 1942ರಲ್ಲಿ ಸೈಕಲ್ಲಿನ ಸೀಟು, ಹ್ಯಾಂಡಲ್ಲುಗಳನ್ನು ಕೂಡಿಸಿ ಗೂಳಿಯ ತಲೆಯನ್ನು ರೂಪಿಸಿದನು. ಇತರರಿಗೆ ಕಸವಾದುದರಲ್ಲಿ ಅವನಿಗೆ ಕೊಂಬು ಕಂಡಿತು.

ಆದುದರಿಂದ ಮಗುವಿಗೆ ಮೊದಲು ಎರಡು ಪ್ರಶ್ನೆಗಳನ್ನು ಕಲಿಸತಕ್ಕದ್ದು: ಇದು ಯಾರದು? ಇದನ್ನು ಸರಿಪಡಿಸಲು ಸಾಧ್ಯವಿಲ್ಲವೇ? ಇವನ್ನು ಕೇಳಿ ಉತ್ತರವನ್ನು ಪಡೆದ ಕೈಯಲ್ಲಿ ತಿರುಪುಳಿಯು ಎಂದಿಗೂ ನಾಶದ ಆಯುಧವಾಗದು.